ಕಾರ್ನ್‌ವಾಲಿಸ್ ಸೋತ ಊರಿಗೆ: ಡೆಲವೇರ್ ಹೊಳೆಯಿಂದ ಬಾಲ್ಟಿಮೋರ್‌ವರೆಗೆ ಐದು ದಿನ

ನನ್ನ ತಾಯಿಯ ತವರು ಅರಕೆರೆ. ಶ್ರೀರಂಗಪಟ್ಟಣ ತಾಲ್ಲೂಕಿನದೇ ಊರು. 1791ರ ಮೇ ತಿಂಗಳಲ್ಲಿ ಅಲ್ಲಿ ಟಿಪ್ಪುವಿನ ಸೈನ್ಯಕ್ಕೂ ಲಾರ್ಡ್ ಕಾರ್ನ್‌ವಾಲಿಸ್‌ನ ಸೈನ್ಯಕ್ಕೂ ಕಾಳಗ ನಡೆಯಿತು. ಕಾಳಗದಲ್ಲಿ ಮೇಲುಗೈ ಕಾರ್ನ್‌ವಾಲಿಸ್‌ನದೇ. ಆದರೆ ಪಟ್ಟಣದ ಕೋಟೆಯನ್ನು ಹಿಡಿಯಲಾಗಲಿಲ್ಲ. ಆ ವರ್ಷ ಮಳೆ ಬೇಗ ಹಿಡಿದುಬಿಟ್ಟಿತ್ತು. ಎತ್ತುಗಳು ಸತ್ತವು, ದವಸ ಮುಗಿಯಿತು. ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ಬೆಂಗಳೂರಿಗೆ ಹಿಂದಿರುಗಿದ. "ಅವನನ್ನ ಓಡ್ಸಿದ್ದು ನಮ್ಮೂರ ಮಳೆ" ಅಂತ ತಾತ ಹೇಳುತ್ತಿದ್ದರು. ಹೈಸ್ಕೂಲಿಗೆ ಬಂದ ಮೇಲೆ ಇನ್ನೊಂದು ವಿಷಯ ಗೊತ್ತಾಯಿತು. ಅದೇ ಕಾರ್ನ್‌ವಾಲಿಸ್ ಅದಕ್ಕೆ ಹತ್ತು ವರ್ಷ ಮೊದಲು ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಜಾರ್ಜ್ ವಾಷಿಂಗ್ಟನ್‌ಗೆ ಶರಣಾಗಿದ್ದ. ಆ ಜಾಗ ನೋಡಬೇಕು ಅಂತ ಆವತ್ತಿನಿಂದ ಆಸೆ ಇತ್ತು.

ತಮ್ಮ ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದಾನೆ. ಈ ಅಕ್ಟೋಬರ್‌ನಲ್ಲಿ ಹೋಗಿಬರಲು ಆಯಿತು. "ಅಣ್ಣ, ನಯಾಗರಾಗೆ ಹೋಗೋಣ್ವಾ?" ಅಂದ. "ಯಾರ್ಕ್‌ಟೌನ್‌ಗೆ ಹೋಗೋಣ" ಅಂದೆ. ಸ್ವಲ್ಪ ಹೊತ್ತು ನನ್ನ ಮುಖ ನೋಡಿದ. ಆಮೇಲೆ ಮ್ಯಾಪ್ ತೆಗೆದ. ಹೋಗುವ ದಾರಿಯಲ್ಲೇ ಇನ್ನೂ ನಾಲ್ಕು ಜಾಗ ಸಿಗುತ್ತವೆ ಅಂತ ಅವನೇ ಗುರುತು ಹಾಕಿದ. ನಾನು, ತಮ್ಮ, ಅವನ ಹೆಂಡತಿ, ಹತ್ತು ವರ್ಷದ ಪುಟ್ಟಿ. ಒಂದು ಕಾರು, ಐದು ದಿನ.

ಮೊದಲ ದಿನ: ಹೊಳೆ ದಾಟಿದ ಜಾಗ

ಬೆಳಿಗ್ಗೆ ಎದ್ದಾಗಲೇ ಜಿನುಗು ಮಳೆ. ಉಪ್ಪಿಟ್ಟು ತಿಂದು, ಪುಳಿಯೋಗರೆ ಮೊಸರನ್ನ ಕಟ್ಟಿಕೊಂಡು ಹೊರಟೆವು. ಒಂದು ಗಂಟೆಯಲ್ಲಿ ಡೆಲವೇರ್ ಹೊಳೆ ಸಿಕ್ಕಿತು. ರಸ್ತೆ ಹೊಳೆಯ ಪಕ್ಕದಲ್ಲೇ ಸಾಗುತ್ತದೆ. ಎರಡೂ ಕಡೆ ಮರಗಳು ಅರಿಶಿನ, ಕುಂಕುಮ ಚೆಲ್ಲಿದ ಹಾಗೆ ಬಣ್ಣ ತಿರುಗಿದ್ದವು. ಮಳೆಯಲ್ಲಿ ಆ ಬಣ್ಣ ಇನ್ನೂ ಗಾಢ.

ವಾಷಿಂಗ್ಟನ್ ಕ್ರಾಸಿಂಗ್ ಅನ್ನುವ ಹೆಸರು ಹೊಳೆಯ ಎರಡೂ ದಡಕ್ಕಿದೆ. ಈ ಕಡೆ ನ್ಯೂಜೆರ್ಸಿ, ಆ ಕಡೆ ಪೆನ್ಸಿಲ್ವೇನಿಯ. ಮಧ್ಯೆ ಒಂದು ಹಳೇ ಕಬ್ಬಿಣದ ಸೇತುವೆ. ಬಹಳ ಇಕ್ಕಟ್ಟು. ದೊಡ್ಡ ಕಾರು ತರುವವರು ಕನ್ನಡಿ ಮಡಚಿಕೊಂಡೇ ಹೋಗುವುದು ಒಳ್ಳೆಯದು. ನಮಗೆ ಅದು ಹೊಳೆಯದೆ ಹೋಯಿತು. ನಡುಸೇತುವೆಯಲ್ಲಿ ಎದುರಿಗೆ ಪಿಕಪ್ ಗಾಡಿ ಬಂತು. ಟಪ್ ಅಂತ ಸದ್ದು. ನಮ್ಮ ಎಡಗಡೆ ಕನ್ನಡಿಯ ಗಾಜು ಬಿರುಕು ಬಿಟ್ಟಿತು.

ಆಚೆ ದಡದಲ್ಲಿ ನಿಲ್ಲಿಸಿದೆವು. ಪಿಕಪ್‌ನವರೂ ಗಾಡಿ ತಿರುಗಿಸಿಕೊಂಡು ಬಂದರು. ಎಪ್ಪತ್ತು ದಾಟಿದ ಮನುಷ್ಯ. ಜಗಳ ಆಗುತ್ತದೆ ಅಂತ ನಾನು ಅಂದುಕೊಂಡೆ. ಅವರು ಕನ್ನಡಿ ನೋಡಿ, ಗಾಡಿಯಿಂದ ಟೇಪು ತಂದು ತಾವೇ ನೀಟಾಗಿ ಅಂಟಿಸಿಕೊಟ್ಟರು. ಎಲ್ಲಿಂದ ಬಂದಿರಿ ಅಂತ ಕೇಳಿದರು. ತಮ್ಮ ಹೇಳಿದ. ಅವರ ಮುಖ ಅರಳಿತು. ಪ್ರತಿ ಕ್ರಿಸ್‌ಮಸ್ ದಿನ ಇಲ್ಲಿ ಹೊಳೆ ದಾಟಿದ್ದನ್ನು ಮತ್ತೆ ಮಾಡಿ ತೋರಿಸುತ್ತಾರೆ. ಆ ದೋಣಿಯಲ್ಲಿ ಅವರು ವರ್ಷಗಳಿಂದ ಹುಟ್ಟು ಹಾಕಿದ್ದಾರಂತೆ. "ಬನ್ನಿ, ದೋಣಿ ತೋರಿಸ್ತೀನಿ" ಅಂದರು.

ದೋಣಿಗಳನ್ನು ಒಂದು ದೊಡ್ಡ ಕೊಟ್ಟಿಗೆಯಲ್ಲಿ ಇಟ್ಟಿದ್ದಾರೆ. ಡರ್ಹಮ್ ದೋಣಿ ಅಂತ ಹೆಸರು. ಮೇಲಿನ ಡರ್ಹಮ್ ಕುಲುಮೆಯಿಂದ ಫಿಲಡೆಲ್ಫಿಯಾಗೆ ಕಬ್ಬಿಣ ಸಾಗಿಸಲು ಮಾಡಿದ್ದ ದೋಣಿಗಳು ಇವು. ನಲವತ್ತು ಅಡಿ ಮೀರಿದ ಉದ್ದ, ಎಂಟು ಅಡಿ ಅಗಲ, ತಳ ಚಪ್ಪಟೆ. ನಾನು ಬದಿಯ ಹಲಗೆ ಮುಟ್ಟಿ ನೋಡಿದೆ. ಒರಟು, ಕಪ್ಪು, ಮಳೆಗಾಲದ ತಣ್ಣಗೆ. ಅಂಚು ನನ್ನ ತೊಡೆಯ ಮಟ್ಟಕ್ಕೆ ಬರುತ್ತಿತ್ತು, ಅಷ್ಟೇ. ಒಳಗೆ ಕೂರಲು ಜಾಗವಿಲ್ಲ. "ಆ ರಾತ್ರಿ ಎಲ್ಲರೂ ನಿಂತೇ ಹೋದರು. ಕೂತರೆ ತಳದಲ್ಲಿ ಮಂಜುನೀರು" ಅಂದರು ಹಿರಿಯರು.

ಆ ರಾತ್ರಿ ಅಂದರೆ 1776ರ ಡಿಸೆಂಬರ್ 25. ಅದೇ ವರ್ಷ ಜುಲೈನಲ್ಲಿ ಬ್ರಿಟಿಷರಿಂದ ಅಮೆರಿಕದ ಸ್ವಾತಂತ್ರ್ಯ ಘೋಷಣೆ ಆಗಿತ್ತು. ಆದರೆ ಆರು ತಿಂಗಳೊಳಗೆ ಎಲ್ಲ ಮುಗಿದೇ ಹೋಯಿತು ಅನ್ನುವ ಸ್ಥಿತಿ. ನ್ಯೂಯಾರ್ಕ್ ಕೈತಪ್ಪಿತ್ತು. ವಾಷಿಂಗ್ಟನ್‌ನ ಸೈನ್ಯ ನ್ಯೂಜೆರ್ಸಿ ಉದ್ದಕ್ಕೂ ಹಿಮ್ಮೆಟ್ಟಿ ಹೊಳೆಯ ಈಚೆ ದಡಕ್ಕೆ ಬಂದು ಕೂತಿತ್ತು. ಬೆನ್ನಟ್ಟಿ ಬಂದವರಲ್ಲಿ ಕಾರ್ನ್‌ವಾಲಿಸ್ ಕೂಡ ಇದ್ದ. ಬಹಳ ಸೈನಿಕರ ಕರಾರು ಡಿಸೆಂಬರ್ 31ಕ್ಕೆ ಮುಗಿಯುತ್ತಿತ್ತು. ಕೆಲವರ ಕಾಲಿಗೆ ಚಪ್ಪಲಿಯೂ ಇಲ್ಲ, ಬಟ್ಟೆ ಸುತ್ತಿಕೊಂಡಿದ್ದರು.

ಆಗ ವಾಷಿಂಗ್ಟನ್ 2,400 ಜನ, 18 ಫಿರಂಗಿ, ಕುದುರೆಗಳು, ಎಲ್ಲವನ್ನೂ ರಾತ್ರಿಯಲ್ಲಿ ಹೊಳೆ ದಾಟಿಸಿದ. ಹುಟ್ಟು ಹಾಕಿದವರು ಮಾರ್ಬಲ್‌ಹೆಡ್ ಅನ್ನುವ ಊರಿನ ಬೆಸ್ತರು. ನೀರಿನಲ್ಲಿ ಮಂಜುಗಡ್ಡೆ ತೇಲಿಬರುತ್ತಿತ್ತು. ಆಮೇಲೆ ಆಲಿಕಲ್ಲು, ಹಿಮ, ಬಿರುಗಾಳಿ ಒಟ್ಟಿಗೇ ಶುರುವಾಯಿತು. ಮಧ್ಯರಾತ್ರಿಗೆ ಮುಗಿಯಬೇಕಿದ್ದ ಕೆಲಸ ಮೂರು ಗಂಟೆಗೆ ಮುಗಿಯಿತು. ಕೆಳಗಡೆ ಬೇರೆ ಎರಡು ಕಡೆ ದಾಟಬೇಕಿದ್ದ ಪಡೆಗಳು ಆ ರಾತ್ರಿ ಅಂದುಕೊಂಡ ಹಾಗೆ ದಾಟಲಾಗಲಿಲ್ಲ. ಇವರು ಮಾತ್ರ ಆ ಚಳಿಯಲ್ಲಿ ಒಂಬತ್ತು ಮೈಲಿ ನಡೆದರು. ದಾರಿಯಲ್ಲಿ ಇಬ್ಬರು ಚಳಿಗೇ ಸತ್ತರು.

ನಾವು ಹೊಳೆಯ ದಡಕ್ಕೆ ಇಳಿದೆವು. ನೀರು ಮಂದವಾಗಿ, ಬೂದು ಬಣ್ಣಕ್ಕಿತ್ತು. ಸಂಗಮದ ಹತ್ತಿರ ಹರಿಗೋಲು ಹತ್ತುವಾಗ ಕಾವೇರಿ ಕಾಣುವಷ್ಟೇ ಅಗಲ ಅನ್ನಿಸಿತು. ಪುಟ್ಟಿ ಕೆಸರಿನಲ್ಲಿ ಜಾರಿ ಕೂತುಬಿಟ್ಟಳು. ಶೂ ಒಳಗೆಲ್ಲ ನೀರು. ಅರ್ಧ ಗಂಟೆಗೇ ಅವಳಿಗೆ ಹಲ್ಲು ಕಟಕಟ ಅನ್ನತೊಡಗಿತು. ಅದೂ ಅಕ್ಟೋಬರ್‌ನಲ್ಲಿ, ದಪ್ಪ ಜಾಕೆಟ್ ಹಾಕಿಕೊಂಡು. ಅವಳ ಕಾಲು ಒರೆಸುತ್ತಾ ಕೂತಾಗ ಆ ರಾತ್ರಿ ನನಗೆ ನಿಜವಾಗಿ ಅರ್ಥವಾಯಿತು.

ಟ್ರೆಂಟನ್‌ಗೆ ಅದೇ ಒಂಬತ್ತು ಮೈಲಿ ಕಾರಿನಲ್ಲಿ ಹೋದೆವು. ಅಲ್ಲಿ ಬ್ರಿಟಿಷರ ಪರವಾಗಿ ಇದ್ದವರು ಹೆಸ್ಸಿಯನ್ನರು, ಜರ್ಮನ್ ನಾಡಿನ ಕೂಲಿ ಸೈನಿಕರು. ಅವರ ನಾಯಕ ಕರ್ನಲ್ ರಾಲ್. ಬೆಳಿಗ್ಗೆ ಎಂಟಕ್ಕೆ ಮೇಲೆ ಬಿದ್ದರು. ಒಂದು ಗಂಟೆ ಹೊತ್ತು, ಅಷ್ಟೇ. ಸುಮಾರು 900 ಜನ ಸೆರೆ. ರಾಲ್‌ಗೆ ಗುಂಡೇಟು ಬಿದ್ದು ಸತ್ತ. ಇವರ ಕಡೆ ಗಾಯಗೊಂಡವರಲ್ಲಿ ಜೇಮ್ಸ್ ಮನ್ರೋ ಅನ್ನುವ 18 ವರ್ಷದ ಹುಡುಗ ಒಬ್ಬ. ವೈದ್ಯರೊಬ್ಬರು ರಕ್ತ ನಿಲ್ಲಿಸಿ ಉಳಿಸಿದರು. ಮುಂದೆ ಅವನು ದೇಶದ ಐದನೇ ಅಧ್ಯಕ್ಷನಾದ.

ಅಲ್ಲಿನ ಹಳೇ ಬ್ಯಾರಕ್ಸ್ ಸೈನಿಕರ ವಾಸಕ್ಕೆ ಕಟ್ಟಿದ್ದ 1758ರ ಕಟ್ಟಡ. ಮಕ್ಕಳಿದ್ದರೆ ತಪ್ಪದೆ ನೋಡಿ. ಮಳೆ ಜಾಸ್ತಿ ಆಗಿದ್ದರಿಂದ ನಾವು ಬೇಗ ಮುಗಿಸಿದೆವು. ಪುಳಿಯೋಗರೆ ಕಾರಿನಲ್ಲೇ ತಿಂದೆವು, ಗಾಜಿಗೆಲ್ಲ ಆವಿ ಹಿಡಿದಿತ್ತು. "ಭಾವ, ಇನ್ನೊಂದು ಸ್ವಲ್ಪ ಹಾಕ್ಕೊಳ್ಳಿ, ರಾತ್ರಿ ಮನೇಲಿ ಮುದ್ದೆ ಮಾಡ್ತೀನಿ" ಅಂದಳು ತಮ್ಮನ ಹೆಂಡತಿ. ಮಾಡಿದಳು ಕೂಡ. ಆ ಚಳಿಗೆ ಬಿಸಿ ಮುದ್ದೆ, ಬಸ್ಸಾರು. ಇನ್ನೇನು ಬೇಕು.

ಎರಡನೇ ದಿನ: ಪ್ರಿನ್ಸ್‌ಟನ್, ಆಮೇಲೆ ಕಡಲು

ಟ್ರೆಂಟನ್‌ನ ಕಥೆಗೆ ಎರಡನೇ ಭಾಗ ಇದೆ. ಅದರಲ್ಲಿ ಕಾರ್ನ್‌ವಾಲಿಸ್ ಬರುತ್ತಾನೆ.

ಅವನು ಇಂಗ್ಲೆಂಡಿಗೆ ರಜೆ ಮೇಲೆ ಹೊರಟಿದ್ದ. ಟ್ರೆಂಟನ್ ಸುದ್ದಿ ಬಂದದ್ದೇ ರಜೆ ರದ್ದಾಯಿತು. 1777ರ ಜನವರಿ 2ರಂದು ಪ್ರಿನ್ಸ್‌ಟನ್‌ನಿಂದ ದೊಡ್ಡ ಸೈನ್ಯದೊಂದಿಗೆ ಹೊರಟ. ಹಿಂದಿನ ದಿನವಷ್ಟೇ ಹಿಮ ಕರಗಿ ರಸ್ತೆ ಕೆಸರಾಗಿತ್ತು. ಫಿರಂಗಿ ಗಾಲಿಗಳು ಹೂತುಕೊಂಡವು. ದಾರಿಯುದ್ದಕ್ಕೂ ಮರೆಯಿಂದ ಗುಂಡು ಹಾರಿಸುವವರು ಬೇರೆ. ಟ್ರೆಂಟನ್ ಮುಟ್ಟುವಾಗ ಸಂಜೆಯಾಗಿತ್ತು. ಅಸ್ಸನ್‌ಪಿಂಕ್ ಅನ್ನುವ ಹಳ್ಳದ ಸೇತುವೆ ದಾಟಲು ಮತ್ತೆ ಮತ್ತೆ ನುಗ್ಗಿದರು, ಆಗಲಿಲ್ಲ. ಬೆಳಿಗ್ಗೆ ನೋಡಿಕೊಳ್ಳೋಣ ಅಂತ ಬಿಟ್ಟ.

ರಾತ್ರಿ ಚಳಿ ಬಿಗಿಯಾಯಿತು. ಕೆಸರೆಲ್ಲ ಹೆಪ್ಪುಗಟ್ಟಿ ಕಲ್ಲಿನಂತಾಯಿತು. ವಾಷಿಂಗ್ಟನ್ ಗಾಲಿಗಳಿಗೆ ಬಟ್ಟೆ ಸುತ್ತಿಸಿದ. ಬೆಂಕಿ ಉರಿಯುತ್ತಲೇ ಇರಲಿ ಅಂತ ಸ್ವಲ್ಪ ಜನರನ್ನು ಬಿಟ್ಟು, ಉಳಿದವರನ್ನು ಸದ್ದಿಲ್ಲದೆ ಬಳಸುದಾರಿಯಲ್ಲಿ ಪ್ರಿನ್ಸ್‌ಟನ್‌ಗೆ ಕರೆದುಕೊಂಡು ಹೋದ. ಬೆಳಗಾದಾಗ ಹಳ್ಳದ ಆಚೆ ಯಾರೂ ಇಲ್ಲ.

ಪ್ರಿನ್ಸ್‌ಟನ್ ಯುದ್ಧಭೂಮಿ ಈಗ ಒಂದು ಬಯಲು. ಟಿಕೆಟ್ ಇಲ್ಲ, ಬೇಲಿ ಇಲ್ಲ. ನಾವು ಹೋದಾಗ ಒಬ್ಬರು ನಾಯಿ ಅಡ್ಡಾಡಿಸುತ್ತಿದ್ದರು, ಇನ್ನಿಬ್ಬರು ಚೆಂಡು ಎಸೆದಾಡುತ್ತಿದ್ದರು. ಮಧ್ಯದಲ್ಲಿ ಒಂದು ಓಕ್ ಮರ. ಇಲ್ಲಿ ವಾಷಿಂಗ್ಟನ್ ಕಡೆಯ ಜನರಲ್ ಹ್ಯೂ ಮರ್ಸರ್ ಬಯೋನೆಟ್, ಅಂದರೆ ಬಂದೂಕಿನ ತುದಿಯ ಕತ್ತಿಯ ತಿವಿತಕ್ಕೆ ಬಿದ್ದ. ಕೆಲವು ದಿನ ನರಳಿ ತೀರಿಕೊಂಡ. ಆಗಿನ ಓಕ್ ಮರ 2000ನೇ ಇಸವಿಯಲ್ಲಿ ಬಿತ್ತು. ಈಗ ಇರುವುದು ಅದರ ಬೀಜದಿಂದ ಬೆಳೆಸಿದ ಮರ. ಪುಟ್ಟಿ ಅದರ ಕೆಳಗಿನ ಎರಡು ಬೀಜ ಆರಿಸಿ ನೋಡಿ, ಅಲ್ಲೇ ಬಿಟ್ಟಳು. ಇಲ್ಲಿಂದ ಏನೂ ತೆಗೆದುಕೊಂಡು ಹೋಗಬಾರದು ಅಂತ ಅವಳ ಟೀಚರ್ ಹೇಳಿದ್ದಾರಂತೆ.

ಯೂನಿವರ್ಸಿಟಿಯ ನಸ್ಸಾವ್ ಹಾಲ್‌ಗೂ ಹೋಗಿಬಂದೆವು. ಸೋತ ಬ್ರಿಟಿಷರು ಕೊನೆಗೆ ಅವಿತುಕೊಂಡಿದ್ದ ಕಟ್ಟಡ ಅದು. ಗೋಡೆಯಲ್ಲಿ ಫಿರಂಗಿ ಗುಂಡಿನ ಗುರುತು ಇನ್ನೂ ಇದೆ. ವಾಷಿಂಗ್ಟನ್‌ನ ಸೈನ್ಯ ಮುಂದಿನ ಚಳಿಗಾಲ ಕಳೆದ ವ್ಯಾಲಿ ಫೋರ್ಜ್ ಕಡೆ ಹೋಗಲು ಸಮಯ ಸಾಲಲಿಲ್ಲ. ಅದಕ್ಕೆ ಒಂದು ಪೂರ್ತಿ ದಿನ ಇಡಬೇಕು.

ಮಧ್ಯಾಹ್ನ ಹೊರಟು ದಕ್ಷಿಣಕ್ಕೆ ಕೇಪ್ ಮೇ. ಪೈನ್ ಕಾಡು ಮುಗಿದು ಉಪ್ಪುನೀರಿನ ಜೌಗು ಶುರುವಾದ ಕೂಡಲೇ ಕಿಟಕಿಯಿಂದ ಕಡಲ ವಾಸನೆ. ಸೀಸನ್ ಮುಗಿದ ಊರು. ಅರ್ಧ ಅಂಗಡಿ ಮುಚ್ಚಿದ್ದವು. ಬಣ್ಣಬಣ್ಣದ ಹಳೇ ಮರದ ಮನೆಗಳ ಬೀದಿಯಲ್ಲಿ ನಾವು ನಾಲ್ಕೇ ಜನ.

ಮೂರನೇ ದಿನ: ಹೈದರಾಲಿ ಹೆಸರಿನ ಹಡಗು

ಕೇಪ್ ಮೇನಿಂದ ಕಾರು ಸಮೇತ ಫೆರಿ ಹತ್ತಿ ಡೆಲವೇರ್ ಕೊಲ್ಲಿ ದಾಟಬೇಕಿತ್ತು. ದಡದ ಆಫೀಸಿನಲ್ಲಿ ಟಿಕೆಟ್ ತೋರಿಸಿದಾಗ ಗೊತ್ತಾಯಿತು, ತಮ್ಮ ಬುಕ್ ಮಾಡಿದ್ದು ಮರುದಿನಕ್ಕೆ. ಕೌಂಟರಿನ ಹೆಂಗಸು ಸಮಾಧಾನವಾಗಿ ನೋಡಿ, ಮೂರು ಗಂಟೆ ಬಿಟ್ಟು ಹೋಗುವ ಫೆರಿಗೆ ಬದಲಿಸಿಕೊಟ್ಟರು. ತಮ್ಮ ಬೇಜಾರು ಮಾಡಿಕೊಂಡ. ಆದರೆ ಆ ಮೂರು ಗಂಟೆ ಈ ಪ್ರವಾಸದಲ್ಲೇ ನನಗೆ ಸಿಕ್ಕ ದೊಡ್ಡ ಉಡುಗೊರೆ.

ಹತ್ತಿರದಲ್ಲೇ ದೀಪಸ್ತಂಭ ಇದೆ, 1859ರದು. 199 ಮೆಟ್ಟಿಲು. ಕಬ್ಬಿಣದ ಸುತ್ತುಮೆಟ್ಟಿಲು ಹತ್ತಿ ಮೇಲೆ ಬಂದರೆ ಒಂದು ಕಡೆ ಅಟ್ಲಾಂಟಿಕ್, ಇನ್ನೊಂದು ಕಡೆ ಕೊಲ್ಲಿ. ಮಳೆ ಪೂರ್ತಿ ಬಿಟ್ಟಿತ್ತು. ನೀರು ಕಣ್ಣು ಕುಕ್ಕುವಷ್ಟು ಹೊಳೆಯುತ್ತಿತ್ತು. ನಾನು ಪುಟ್ಟಿಗೆ ಕೊಲ್ಲಿಯ ಕಡೆ ಬೆರಳು ತೋರಿಸಿದೆ. "ಇಲ್ಲೇ ಹೈದರಾಲಿ ಯುದ್ಧ ಮಾಡಿದ್ದು."

"ನಮ್ಮ ಹೈದರಾಲಿನಾ ದೊಡ್ಡಪ್ಪ?"

ಹೌದು, ಹಡಗಿನ ಹೆಸರದು. 1782ರ ಏಪ್ರಿಲ್ 8. ಯಾರ್ಕ್‌ಟೌನ್ ಆಗಿ ಆರು ತಿಂಗಳಾದರೂ ಬ್ರಿಟಿಷ್ ಹಡಗುಗಳು ಈ ಕೊಲ್ಲಿಯಲ್ಲಿ ಫಿಲಡೆಲ್ಫಿಯಾದ ವ್ಯಾಪಾರಿ ಹಡಗುಗಳನ್ನು ಹಿಡಿಯುತ್ತಲೇ ಇದ್ದವು. ಕಾವಲಿಗೆ ಪೆನ್ಸಿಲ್ವೇನಿಯದವರು ಒಂದು ಹಡಗು ಸಜ್ಜು ಮಾಡಿದರು. 'ಹೈದರ್ ಅಲಿ' ಅಂತ ಅದರ ಹೆಸರು. ಆಗ ನಮ್ಮ ಕಡೆ ಹೈದರ್ ಬ್ರಿಟಿಷರ ಮೇಲೆ ಯುದ್ಧ ಮಾಡುತ್ತಿದ್ದ. 1780ರಲ್ಲಿ ಪೊಲ್ಲಿಲೂರಿನಲ್ಲಿ ಅವರ ಒಂದು ಪಡೆಯನ್ನೇ ಮುಗಿಸಿಹಾಕಿದ್ದ. ಸಮುದ್ರದ ಆಚೆ ಇನ್ನೊಬ್ಬ ಅದೇ ಶತ್ರುವಿನ ಜೊತೆ ಹೋರಾಡುತ್ತಿದ್ದಾನೆ ಅನ್ನುವುದು ಇವರಿಗೆ ಧೈರ್ಯ ಕೊಟ್ಟಿತ್ತು.

ಹಡಗಿನ ಕ್ಯಾಪ್ಟನ್ ಜೋಶುವಾ ಬಾರ್ನಿ, ವಯಸ್ಸು 22. ಎದುರಿಗೆ ಬಂದದ್ದು 'ಜನರಲ್ ಮಂಕ್', ಇವನದಕ್ಕಿಂತ ಬಲವಾದ ಹಡಗು. ಬಾರ್ನಿ ಚುಕ್ಕಾಣಿಯವನಿಗೆ ಮೊದಲೇ ಹೇಳಿಟ್ಟಿದ್ದ: ನಾನು ಕೂಗಿ ಹೇಳುವುದಕ್ಕೆ ಉಲ್ಟಾ ತಿರುಗಿಸು. ಶತ್ರುವಿಗೆ ಕೇಳುವ ಹಾಗೆ ಒಂದು ಕಡೆ ಅಂತ ಕೂಗಿದ, ಹಡಗು ಇನ್ನೊಂದು ಕಡೆ ತಿರುಗಿತು. ಎರಡೂ ಹಡಗುಗಳ ಹಗ್ಗ, ಮರ ಸಿಕ್ಕಿಕೊಂಡವು. ಅರ್ಧ ಗಂಟೆಯೊಳಗೆ ಜನರಲ್ ಮಂಕ್ ಬಾವುಟ ಇಳಿಸಿತು. ಫಿಲಡೆಲ್ಫಿಯಾದಲ್ಲಿ ಫಿಲಿಪ್ ಫ್ರೆನೋ ಎಂಬ ಕವಿ ಈ ಗೆಲುವಿನ ಮೇಲೆ ಪದ್ಯವನ್ನೇ ಬರೆದ. ಅದೇ ವರ್ಷ ಡಿಸೆಂಬರ್‌ನಲ್ಲಿ ಹೈದರ್ ತೀರಿಕೊಂಡ.

ದರಿಯಾ ದೌಲತ್ ಗೋಡೆಯ ಮೇಲೆ ಪೊಲ್ಲಿಲೂರು ಯುದ್ಧದ ಚಿತ್ರವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಅದರ ದನಿ ಈ ನೀರಿನ ತನಕ ಬಂದಿತ್ತಲ್ಲ ಅಂತ ನೆನೆದು ಕಣ್ಣು ತುಂಬಿತು. ಫೆರಿಯಲ್ಲಿ ಒಂದೂವರೆ ಗಂಟೆ ಹತ್ತಿರ ದಾರಿ. ನಾನು ಅಷ್ಟೂ ಹೊತ್ತು ಮೇಲಿನ ಅಟ್ಟದಲ್ಲೇ ಗಾಳಿಗೆ ನಿಂತಿದ್ದೆ. ಟೋಪಿ ತರುವುದನ್ನು ಮರೆಯಬೇಡಿ.

ಆಚೆ ದಡ ಲೂಯಿಸ್. ಅಲ್ಲಿಂದ ದಕ್ಷಿಣಕ್ಕೆ ಹೋಗುವ ರಸ್ತೆ ನಮ್ಮ ಮಂಡ್ಯ ಕಡೆಯ ಹಾಗೆ ಸಮತಟ್ಟು. ಒಣಗಿ ನಿಂತ ಸೋಯಾ, ಕುಯ್ದ ಜೋಳದ ಕೂಳೆ, ಉದ್ದುದ್ದ ಕೋಳಿ ಶೆಡ್‌ಗಳು. ವರ್ಜೀನಿಯಾ ಸೇರಿದ ಮೇಲೆ ಹತ್ತಿ ಹೊಲಗಳೂ ಕಂಡವು. ರಸ್ತೆ ಬದಿಯಲ್ಲಿ ಕಡಲೆಕಾಯಿ ಮಾರುವ ಒಂದು ಚಿಕ್ಕ ಅಂಗಡಿ. ಅಜ್ಜಿಯೊಬ್ಬರು ಹುರಿಯುತ್ತಿದ್ದರು. ನಮ್ಮಲ್ಲಿ ಕಡಲೆಕಾಯಿಗೇ ಒಂದು ಪರಿಷೆ ಇದೆ, ಮೊದಲ ಬೆಳೆ ಬಸವಣ್ಣನಿಗೆ ಅಂದೆ. ತಮ್ಮ ಅದನ್ನು ಅವರಿಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದ. ಬೆಂಗಳೂರಿನಲ್ಲಿ ಗೂಳಿಗೊಂದು ಗುಡಿ ಇದೆ ಅಂತ ಕೇಳಿ ಅವರಿಗೆ ಬಹಳ ಸಂತೋಷವಾಯಿತು. ಇನ್ನೊಂದು ಹಿಡಿ ಬಿಸಿ ಕಾಯಿ ಪೊಟ್ಟಣಕ್ಕೆ ಹಾಕಿದರು. "ಗಾಳಿ ಏಳ್ತಾ ಇದೆ. ಸೇತುವೆಗೆ ಮೊದಲೇ ಪೆಟ್ರೋಲ್ ಹಾಕಿಸಿಕೊಳ್ಳಿ, ನಿಧಾನ ಹೋಗಿ" ಅಂದರು.

ಸೇತುವೆ ಅಂದರೆ ಚೆಸಪೀಕ್ ಕೊಲ್ಲಿಯ ಬಾಯಿಗೆ ಅಡ್ಡಲಾಗಿ ಕಟ್ಟಿದ 17 ಮೈಲಿಗೂ ಮೀರಿದ ದಾರಿ. ಎರಡು ಕಡೆ ರಸ್ತೆ ನೀರಿನೊಳಗೆ ಸುರಂಗವಾಗಿ ಇಳಿದು ಮತ್ತೆ ಮೇಲೆ ಬರುತ್ತದೆ. ಹಡಗುಗಳು ಅದರ ಮೇಲೆ ಹಾದುಹೋಗುತ್ತವೆ. ಸೂರ್ಯ ಮುಳುಗುತ್ತಿದ್ದ. ಗಾಳಿಗೆ ಕಾರು ಪಕ್ಕಕ್ಕೆ ಎಳೆಯುತ್ತಿತ್ತು. ಯಾರೂ ಮಾತಾಡಲಿಲ್ಲ.

ಈ ಕೊಲ್ಲಿಯ ಬಾಯಿ ನೋಡದೆ ಯಾರ್ಕ್‌ಟೌನ್ ಅರ್ಥವಾಗುವುದಿಲ್ಲ ಅಂತ ನನ್ನ ಅನಿಸಿಕೆ. ಕಾರ್ನ್‌ವಾಲಿಸ್ ಯಾರ್ಕ್‌ಟೌನ್‌ನಲ್ಲಿ ಬೀಡುಬಿಟ್ಟದ್ದು ಹಡಗಿನ ನಂಬಿಕೆಯ ಮೇಲೆ. ಸಾಮಾನು, ಸೈನ್ಯ ಎಲ್ಲ ಈ ಬಾಯಿಯಿಂದಲೇ ಒಳಗೆ ಬರಬೇಕು. 1781ರ ಸೆಪ್ಟೆಂಬರ್ 5ರಂದು ಇಲ್ಲಿ ಅಮೆರಿಕದ ಪರವಾಗಿ ಬಂದಿದ್ದ ಫ್ರೆಂಚರ 24 ಹಡಗು, ಬ್ರಿಟಿಷರ 19 ಹಡಗು ಎದುರುಬದುರಾದವು. ಫ್ರೆಂಚರ ನಾಯಕ ಡಿ ಗ್ರಾಸ್. ಎರಡು ಗಂಟೆ ಚಿಲ್ಲರೆ ಕಾದಾಟ. ಕೆಲವು ದಿನ ಸಮುದ್ರದಲ್ಲಿ ಸುತ್ತಾಡಿ ಬ್ರಿಟಿಷ್ ಹಡಗುಗಳು ನ್ಯೂಯಾರ್ಕಿಗೆ ವಾಪಸ್ ಹೋದವು. ಬಾಗಿಲು ಹೊರಗಿಂದ ಚಿಲಕ ಹಾಕಿದ ಹಾಗಾಯಿತು. ಅಮೆರಿಕದ ಒಂದು ಹಡಗೂ ಇಲ್ಲದ ಕಾಳಗ, ಅಮೆರಿಕದ ಹಣೆಬರಹ ಬದಲಿಸಿತು.

ನಾಲ್ಕನೇ ದಿನ: ಯಾರ್ಕ್‌ಟೌನ್

ಬೆಳಿಗ್ಗೆ ಮಂಜು. ಹತ್ತು ಗಂಟೆಗೆ ಬಿಸಿಲು ಬಂತು. ಯಾರ್ಕ್‌ಟೌನ್ ತೀರಾ ಚಿಕ್ಕ ಊರು. ಒಂದು ಉದ್ದ ಬೀದಿ, ಕೆಳಗೆ ಯಾರ್ಕ್ ನದಿ. ಬೀದಿಯಲ್ಲಿ ಥಾಮಸ್ ನೆಲ್ಸನ್ ಮನೆ ಇದೆ. ಇಟ್ಟಿಗೆ ಗೋಡೆಯಲ್ಲಿ ಫಿರಂಗಿ ಗುಂಡು ಈಗಲೂ ಕಾಣುತ್ತದೆ. ಆಗ ವರ್ಜೀನಿಯಾದ ಗವರ್ನರ್ ಆಗಿದ್ದ ನೆಲ್ಸನ್ ತನ್ನ ಮನೆಯ ಮೇಲೂ ಗುಂಡು ಹಾರಿಸಿ ಅಂದನಂತೆ.

ಪಾರ್ಕಿನವರ ಕೇಂದ್ರದಲ್ಲಿ ಮ್ಯಾಪ್ ಕೊಡುತ್ತಾರೆ, ಮಕ್ಕಳಿಗೆ ಟಿಕೆಟ್ ಇಲ್ಲ. ಕಾರಿನಲ್ಲಿ ಬಾಣದ ಗುರುತು ಹಿಡಿದು ಸುತ್ತಬಹುದು. ಆದರೆ ಮೊದಲ ಭಾಗವನ್ನು ನಡೆದೇ ನೋಡಿ. ಹುಲ್ಲು ಬೆಳೆದ ಮಣ್ಣಿನ ದಿಬ್ಬಗಳು, ಕಂದಕಗಳು. ಮುತ್ತಿಗೆಯ ಕಥೆಯೆಲ್ಲ ಆ ಮಣ್ಣಿನಲ್ಲಿದೆ. ಅಕ್ಟೋಬರ್ 6ರ ರಾತ್ರಿ ಅಮೆರಿಕನ್ನರು, ಫ್ರೆಂಚರು ಸೇರಿ ಮೊದಲ ಕಂದಕ ತೋಡಿದರು. ಆ ರಾತ್ರಿಯೂ ಮಳೆ. ಮಳೆಯ ಸದ್ದಿನಲ್ಲಿ ಗುದ್ದಲಿ ಸದ್ದು ಕೇಳಿಸಲಿಲ್ಲ. 9ರಿಂದ ಫಿರಂಗಿ ಶುರು. 14ರ ರಾತ್ರಿ 9 ಮತ್ತು 10ನೇ ನಂಬರಿನ ಎರಡು ಚಿಕ್ಕ ಕೋಟೆಗಳ ಮೇಲೆ ನುಗ್ಗಿದರು. ಒಂಬತ್ತು ಫ್ರೆಂಚರ ಪಾಲು, ಹತ್ತು ಅಲೆಕ್ಸಾಂಡರ್ ಹ್ಯಾಮಿಲ್ಟನ್‌ನ ಪಾಲು. ಇವನ ಜನ ಬಂದೂಕಿಗೆ ಗುಂಡೇ ತುಂಬಿರಲಿಲ್ಲ, ಬರೀ ಬಯೋನೆಟ್. ಹತ್ತೇ ನಿಮಿಷದಲ್ಲಿ ಮುಗಿಯಿತು. ಹತ್ತನೇ ಕೋಟೆಯ ಒಂದು ಭಾಗವನ್ನು ಈಗ ನದಿ ಕೊರೆದು ತಿಂದಿದೆ. ಅಂಚಿನಲ್ಲಿ ನಿಂತು ಕೆಳಗೆ ನೋಡಿದರೆ ಬರೀ ಮಣ್ಣು, ನೀರು.

ಅಲ್ಲಿ ಒಬ್ಬ ಪಾರ್ಕ್ ರೇಂಜರ್ ಇದ್ದರು. ನೆತ್ತಿ ಮೇಲೆ ಚಪ್ಪಟೆ ಅಂಚಿನ ಟೋಪಿ. ಅವರು ಹೇಳಿದ ಎರಡು ಸಂಗತಿಯನ್ನು ನನಗೆ ಮರೆಯಲಾಗುವುದಿಲ್ಲ.

ಒಂದು, ದಾಸರಾಗಿದ್ದ ಕಪ್ಪು ಜನರ ಕಥೆ. ಬ್ರಿಟಿಷರ ಕಡೆ ಹೋದರೆ ಬಿಡುಗಡೆ ಸಿಗುತ್ತದೆ ಅಂತ ನಂಬಿ ಸಾವಿರಾರು ಜನ ಕಾರ್ನ್‌ವಾಲಿಸ್‌ನ ಜೊತೆ ಬಂದಿದ್ದರು. ಈ ದಿಬ್ಬಗಳ ಮಣ್ಣು ಹೊತ್ತವರಲ್ಲಿ ಅವರೂ ಇದ್ದರು. ಊಟ ಕಡಿಮೆಯಾದಾಗ, ಸಿಡುಬು ಹರಡಿದಾಗ, ಅವರನ್ನು ಊರಿನ ಹೊರಗೆ ದಬ್ಬಿಬಿಟ್ಟ. ಎಷ್ಟೋ ಜನ ಎರಡು ಸೈನ್ಯಗಳ ನಡುವಿನ ಕಾಡಿನಲ್ಲಿ ಸತ್ತರು. ಇತ್ತ ಕಡೆ ಜೇಮ್ಸ್ ಅನ್ನುವ ಒಬ್ಬ ದಾಸ ಕಾರ್ನ್‌ವಾಲಿಸ್‌ನ ಬಿಡಾರದೊಳಗೇ ಸೇರಿ ವಾಷಿಂಗ್ಟನ್ ಕಡೆಯ ಜನರಲ್ ಲಾಫಯೆಟ್‌ಗೆ ಗುಟ್ಟು ತಲುಪಿಸುತ್ತಿದ್ದ. ದೇಶಕ್ಕೆ ಸ್ವಾತಂತ್ರ್ಯ ಬಂತು. ಅವನ ಸ್ವಂತ ಬಿಡುಗಡೆಗೆ 1787ರವರೆಗೆ ಕಾಯಬೇಕಾಯಿತು.

ಇನ್ನೊಂದು, ಅಕ್ಟೋಬರ್ 16ರ ರಾತ್ರಿ. ಕಾರ್ನ್‌ವಾಲಿಸ್ ತಪ್ಪಿಸಿಕೊಳ್ಳಲು ನೋಡಿದ. ದೋಣಿಗಳಲ್ಲಿ ನದಿ ದಾಟಿ ಎದುರಿನ ಗ್ಲೌಸ್ಟರ್ ಪಾಯಿಂಟ್ ಸೇರುವುದು, ಅಲ್ಲಿಂದ ನುಗ್ಗಿ ಹೋಗುವುದು. ಮೊದಲ ತಂಡ ದಾಟಿತು. ಮಧ್ಯರಾತ್ರಿಗೆ ಬಿರುಗಾಳಿ, ಮಳೆ. ದೋಣಿಗಳು ಚೆಲ್ಲಾಪಿಲ್ಲಿ. ಬೆಳಗಾದಾಗ ಎಲ್ಲ ಮುಗಿದಿತ್ತು. 17ರಂದು ದಿಬ್ಬದ ಮೇಲೆ ಒಬ್ಬ ತಮಟೆ ಹುಡುಗ ಕಾಣಿಸಿಕೊಂಡ. ಅವನ ಪಕ್ಕ ಒಬ್ಬ ಬಿಳಿ ಕರವಸ್ತ್ರ ಹಿಡಿದ.

ನಾನು ನದಿಯ ಕಡೆ ನೋಡುತ್ತಾ ನಿಂತೆ. ಡೆಲವೇರ್‌ನ ದಡ, ಅಸ್ಸನ್‌ಪಿಂಕ್‌ನ ಕೆಸರು, ಈ ನದಿ, ಆಮೇಲೆ ಅರಕೆರೆ. ಬಿರುಗಾಳಿಯಲ್ಲಿ ಒಬ್ಬ ಹೊಳೆ ದಾಟಿ ದೇಶ ಉಳಿಸಿದ. ಅಂಥದ್ದೇ ಬಿರುಗಾಳಿಯಲ್ಲಿ ಇನ್ನೊಬ್ಬನಿಗೆ ದಾಟಲಾಗಲಿಲ್ಲ.

ರೇಂಜರ್ ಹೇಳಿದರು, "ಇಲ್ಲಿಗೆ ಬಂದವರೆಲ್ಲ ಕಾರ್ನ್‌ವಾಲಿಸ್ ಆಮೇಲೆ ಏನಾದ ಅಂತ ಕೇಳ್ತಾರೆ. ಇಂಡಿಯಾಗೆ ಹೋದ ಅಂತ ಹೇಳ್ತೀನಿ. ಅಲ್ಲಿ ಏನಾಯ್ತು, ನೀವು ಹೇಳಿ."

ಹೇಳಿದೆ. ಸೋತವನಿಗೆ ಶಿಕ್ಷೆಯಾಗಲಿಲ್ಲ, 1786ರಲ್ಲಿ ಗವರ್ನರ್ ಜನರಲ್ ಆಗಿ ಬಂದ. 1791ರ ಮಾರ್ಚ್ 21ರಂದು ಬೆಂಗಳೂರು ಕೋಟೆ ಒಡೆದ. ಆ ಜಾಗದಲ್ಲಿ, ಕೆ.ಆರ್. ಮಾರ್ಕೆಟ್ ಹತ್ತಿರ, ಈಗಲೂ ಒಂದು ಕಲ್ಲುಫಲಕ ಇದೆ. ಮೇ ತಿಂಗಳಲ್ಲಿ ಅರಕೆರೆ, ಮಳೆ, ವಾಪಸ್. 1792ರ ಫೆಬ್ರವರಿಯಲ್ಲಿ ಮಳೆಯಿಲ್ಲದ ಕಾಲ ನೋಡಿ ಮತ್ತೆ ಬಂದ. ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ. 3 ಕೋಟಿ 30 ಲಕ್ಷ ರೂಪಾಯಿ ದಂಡ. ಹಣ ಪೂರ್ತಿ ಕೊಡುವತನಕ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕರೆದುಕೊಂಡು ಹೋದ. ಚಿಕ್ಕ ಹುಡುಗರು. 1794ರಲ್ಲಿ ವಾಪಸ್ ಬಂದರು.

ಮಕ್ಕಳ ಮಾತು ಬಂದಾಗ ನನ್ನ ದನಿ ನಡುಗಿತು. ಪುಟ್ಟಿ ಬಂದು ಕೈ ಹಿಡಿದುಕೊಂಡಳು. ರೇಂಜರ್ ಜೇಬಿನಿಂದ ಚಿಕ್ಕ ಪುಸ್ತಕ ತೆಗೆದು "ಆ ಊರಿನ ಹೆಸರು ಇನ್ನೊಂದು ಸಲ ಹೇಳಿ" ಅಂದರು. ಅರಕೆರೆ ಅಂದೆ. ಬರೆದುಕೊಂಡರು. ಮುಂದೆ ಯಾರಾದರೂ ಕೇಳಿದರೆ ಇದನ್ನೂ ಹೇಳುತ್ತೇನೆ ಅಂದರು.

ಶರಣಾದ ಬಯಲಿಗೆ ಕೊನೆಗೆ ಹೋದೆವು. ಮರಗಳ ಮಧ್ಯೆ ಅಗಲವಾದ ಹುಲ್ಲುಗಾವಲು. ಯಾರೂ ಇರಲಿಲ್ಲ. 1781ರ ಅಕ್ಟೋಬರ್ 19ರಂದು ಇಲ್ಲಿ ಏಳು ಸಾವಿರಕ್ಕೂ ಹೆಚ್ಚು ಸೈನಿಕರು ಸಾಲಾಗಿ ಬಂದು ಬಂದೂಕು ಕೆಳಗೆ ಹಾಕಿದರು. ಕಾರ್ನ್‌ವಾಲಿಸ್ ಬರಲಿಲ್ಲ, ಮೈ ಸರಿಯಿಲ್ಲ ಅಂದ. ಬದಲಿಗೆ ಜನರಲ್ ಓಹಾರ ಬಂದ. ಅವನು ಫ್ರೆಂಚರ ಸೇನಾಪತಿ ರೋಷಾಂಬೋ ಹತ್ತಿರ ಹೋದ. ರೋಷಾಂಬೋ ವಾಷಿಂಗ್ಟನ್ ಕಡೆ ತೋರಿಸಿದ. ವಾಷಿಂಗ್ಟನ್, ನಿನ್ನ ಸಮಾನರ ಹತ್ತಿರ ಹೋಗು ಅನ್ನುವ ಹಾಗೆ, ತನ್ನ ಕೈಕೆಳಗಿನ ಜನರಲ್ ಲಿಂಕನ್ ಕಡೆ ತೋರಿಸಿದ.

ಹುಲ್ಲಿನ ಮೇಲೆ ಕೂತು ಕೋಡುಬಳೆ, ಕಡಲೆಕಾಯಿ ತಿಂದೆವು. ಅಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ರಾತ್ರಿ ಹನ್ನೊಂದೂವರೆ. "ನಿಮ್ಮೂರಿಗೆ ಬಂದಿದ್ನಲ್ಲ, ಅವನು ಸೋತ ಜಾಗದಲ್ಲಿ ಕೂತಿದ್ದೀನಿ ಅಮ್ಮ" ಅಂದೆ. "ಮಳೆ ಬರ್ತಾ ಇದೆಯಾ ಅಲ್ಲಿ?" ಅಂತ ಕೇಳಿದಳು.

ಐದನೇ ದಿನ: ಬಾಲ್ಟಿಮೋರ್

ವಾಪಸ್ ದಾರಿಯಲ್ಲಿ ಟ್ರಾಫಿಕ್ಕೇ ಟ್ರಾಫಿಕ್. ಅದನ್ನು ಬಿಡಿ. ಫೋರ್ಟ್ ಮೆಕ್‌ಹೆನ್ರಿ ಮುಟ್ಟುವಾಗ ಮಧ್ಯಾಹ್ನ ಮೂರೂವರೆ. ಇದು ಬೇರೆ ಯುದ್ಧದ ಜಾಗ, 1812ರಲ್ಲಿ ಬ್ರಿಟಿಷರ ಜೊತೆ ಮತ್ತೆ ಶುರುವಾದದ್ದು. 1814ರ ಆಗಸ್ಟ್ 24ರಂದು ಬ್ರಿಟಿಷರು ಬ್ಲೇಡನ್ಸ್‌ಬರ್ಗ್‌ನಲ್ಲಿ ಗೆದ್ದು, ವಾಷಿಂಗ್ಟನ್ ನಗರಕ್ಕೆ ನುಗ್ಗಿ ಅಧ್ಯಕ್ಷರ ಮನೆಗೇ ಬೆಂಕಿಯಿಟ್ಟರು. ಬ್ಲೇಡನ್ಸ್‌ಬರ್ಗ್‌ನಲ್ಲಿ ಕೊನೆಯವರೆಗೂ ಜಗ್ಗದೆ ನಿಂತು ಗಾಯಗೊಂಡವನು ಯಾರು ಗೊತ್ತಾ? ನಮ್ಮ ಜೋಶುವಾ ಬಾರ್ನಿ, 'ಹೈದರ್ ಅಲಿ'ಯ ಕ್ಯಾಪ್ಟನ್. ಆಗ ಅವನಿಗೆ 55 ವರ್ಷ.

ಆ ದಿನ ಬಾರ್ನಿಯ ಕಡೆಯವರ ಮೇಲೆ ಬ್ರಿಟಿಷರು ರಾಕೆಟ್ ಬಿಟ್ಟಿದ್ದರು. ಸೆಪ್ಟೆಂಬರ್ 13ರಂದು ಬಾಲ್ಟಿಮೋರ್‌ನ ಈ ಕೋಟೆಯ ಮೇಲೂ ಬಿಟ್ಟರು. ಕಾಂಗ್ರೀವ್ ರಾಕೆಟ್ ಅಂತ ಅದರ ಹೆಸರು. ಅದರ ಬೇರು ನಮ್ಮಲ್ಲಿದೆ. ಹೈದರ್, ಟಿಪ್ಪು ಕಾಲದ ಮೈಸೂರಿನವರು ಮದ್ದನ್ನು ಕಬ್ಬಿಣದ ಕೊಳವೆಯಲ್ಲಿ ತುಂಬಿ, ಬಿದಿರು ಕೋಲಿಗೋ ಕತ್ತಿಗೋ ಕಟ್ಟಿ ಬಿಡುತ್ತಿದ್ದರು. ಕಬ್ಬಿಣದ ಕೊಳವೆ ಆದ್ದರಿಂದ ಒತ್ತಡ ತಡೆದು ದೂರ ಹೋಗುತ್ತಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಸಿಕ್ಕ ರಾಕೆಟ್‌ಗಳು ಇಂಗ್ಲೆಂಡಿಗೆ ಹೋದವು. ವುಲಿಚ್‌ನಲ್ಲಿ ವಿಲಿಯಂ ಕಾಂಗ್ರೀವ್ ಅದನ್ನೇ ತಿದ್ದಿ ಬೆಳೆಸಿದ. ಹದಿನೈದೇ ವರ್ಷದಲ್ಲಿ ಅದು ಇಲ್ಲಿಯ ಆಕಾಶದಲ್ಲಿ ಉರಿಯಿತು.

ಬಾಂಬು, ರಾಕೆಟ್ ಸೇರಿ 25 ಗಂಟೆ ಸುರಿದರು. ರಾತ್ರಿಯಿಡೀ ಮಳೆ ಬೇರೆ. ಫ್ರಾನ್ಸಿಸ್ ಸ್ಕಾಟ್ ಕೀ ಅನ್ನುವ ವಕೀಲ ಹಡಗಿನಿಂದ ನೋಡುತ್ತಿದ್ದ. ಬೆಳಗಾದಾಗ ಕೋಟೆಯ ಮೇಲೆ ಬಾವುಟ ಇನ್ನೂ ಹಾರುತ್ತಿತ್ತು. ಅವನು ಬರೆದ ಪದ್ಯ 1931ರಲ್ಲಿ ರಾಷ್ಟ್ರಗೀತೆಯಾಯಿತು. ರಾಕೆಟ್‌ನ ಕೆಂಪು ಬೆಳಕಿನ ಮಾತು ಅದರಲ್ಲಿದೆ. ಪುಟ್ಟಿ ಅದನ್ನು ಎಷ್ಟೋ ಸಲ ಹಾಡಿದ್ದಾಳೆ. "ಅದು ಪಟ್ಟಣದ ರಾಕೆಟ್ಟಾ?" ಅಂತ ಮೂರು ಸಲ ಕೇಳಿದಳು. ಅದರ ಮೊಮ್ಮಗು ಅಂದುಕೋ ಅಂದೆ.

ಸಂಜೆ ಬಾವುಟ ಇಳಿಸುವ ಹೊತ್ತಿಗೆ ಅಲ್ಲಿರಿ. ಬಂದವರನ್ನೆಲ್ಲ ಮಡಚಲು ಕರೆಯುತ್ತಾರೆ. ಮೇರಿ ಪಿಕರ್ಸ್‌ಗಿಲ್ ಹೊಲಿದ ಮೂಲ ಬಾವುಟ 30 ಅಡಿಗೆ 42 ಅಡಿ. ಮನೆಯಲ್ಲಿ ಜಾಗ ಸಾಲದೆ ಪಕ್ಕದ ಬಿಯರ್ ಕಾರ್ಖಾನೆಯ ನೆಲದ ಮೇಲೆ ಹರಡಿ ಹೊಲಿದರಂತೆ. ನಾವು ಹೋದ ದಿನ ಗಾಳಿ ಜೋರು, ಹಾಗಾಗಿ ಚಿಕ್ಕ ಬಾವುಟ ಹಾಕಿದ್ದರು. ಆ ಚಿಕ್ಕದಕ್ಕೇ ಇಪ್ಪತ್ತು ಜನ ಬೇಕಾಯಿತು. ಎರಡು ಸಾಲಾಗಿ ನಿಂತೆವು. ನನ್ನ ಎದುರಿಗೆ ಪುಟ್ಟಿ. ಬಟ್ಟೆ ಗಾಳಿಗೆ ಉಬ್ಬಿ ಕೈಯಿಂದ ಕಿತ್ತುಕೊಳ್ಳಲು ನೋಡುತ್ತಿತ್ತು. ನೆಲಕ್ಕೆ ತಾಗಬಾರದು ಅಂತ ರೇಂಜರಮ್ಮ ಕೂಗುತ್ತಿದ್ದರು. ಪುಟ್ಟಿ ಹಲ್ಲು ಕಚ್ಚಿ ಹಿಡಿದಿದ್ದಳು. ಮಡಚುತ್ತಾ ಮಡಚುತ್ತಾ ಇಬ್ಬರೂ ಹತ್ತಿರ ಬಂದೆವು.

ಕಾರು ಹತ್ತಿದ ಮೇಲೆ ಕೇಳಿದಳು, "ದೊಡ್ಡಪ್ಪ, ನಿಜವಾದ ರಾಕೆಟ್ ಎಲ್ಲಾದ್ರೂ ಇದೆಯಾ?"

ಶಿವಮೊಗ್ಗದಲ್ಲಿದೆ ಅಂದೆ. 2018ರಲ್ಲಿ ಆ ಜಿಲ್ಲೆಯ ಹೊಸನಗರ ತಾಲ್ಲೂಕಿನ 'ನಗರ' ಅನ್ನುವ ಊರಿನ ಒಂದು ಹಳೇ ಬಾವಿಯಲ್ಲಿ ಸಾವಿರದಷ್ಟು ಸಿಕ್ಕವು, ತುಕ್ಕು ಹಿಡಿದ ಕೊಳವೆಗಳು, ಒಳಗೆ ಇನ್ನೂ ಮದ್ದು. ಬರುವ ಬೇಸಿಗೆಗೆ ಕರೆದುಕೊಂಡು ಹೋಗುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. ಮೊದಲು ಅರಕೆರೆ, ಆಮೇಲೆ ಶಿವಮೊಗ್ಗ. ತಮ್ಮ ಈಗಾಗಲೇ ರಜೆ ಕೇಳಿದ್ದಾನೆ.